ಗೊಂಬೆಗಳ ಕೆಳಗಿನ ಕೋಟೆ

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿ ಮೊಳೆತಾಗ ಒಂದು ವಾಸನೆ ಬರುತ್ತದೆ. ಅದು ಹಸಿ ಮಣ್ಣಿನದೂ ಅಲ್ಲ, ಹಾಲಿನದೂ ಅಲ್ಲ. ಮೊನ್ನೆ ಮಗುವಿನ ರಾಗಿ ಸರಿಗೆಂದು ಕಟ್ಟಿದ್ದ ಗಂಟು ಬಿಚ್ಚಿದಾಗ ದೊಡ್ಡಬಳ್ಳಾಪುರದ ನಮ್ಮ ಹಳೆಯ ನಡುಮನೆ ಕಣ್ಣ ಮುಂದೆ ಬಂತು. ಬಂದದ್ದು ಇದ್ದ ನಡುಮನೆಯೋ, ಇಷ್ಟು ವರ್ಷ ನಾನೇ ತಿದ್ದಿ ಇಟ್ಟುಕೊಂಡದ್ದೋ ಹೇಳಲಾರೆ. ಗೋಡೆಯಾಚೆ ಮಗ್ಗಗಳ ಸದ್ದಿತ್ತು, ಅದಂತೂ ಖಂಡಿತ. ಕರೆಂಟ್ ಹೋದೊಡನೆ ಸದ್ದು ನಿಲ್ಲುತ್ತಿತ್ತು, ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಿದ್ದರು, ನಮ್ಮ ಕೋಟೆ ಕೆಲಸ ಶುರುವಾಗುತ್ತಿತ್ತು.

ಅವರು ಬೆಂಗಳೂರಿನ ಫುಟ್‌ಪಾತಿನಿಂದ ಒಂದು ಹಳೆಯ ಪುಸ್ತಕ ತಂದಿದ್ದರು. ರಾಜರ ಕಾಲದ ಯುದ್ಧವನ್ನು ಮೇಜಿನ ಮೇಲೆ ಆಡುವ ಆಟ ಅದರಲ್ಲಿತ್ತು. ಹೆಬ್ಬೆರಳು ಗಾತ್ರದ ಬಿಲ್ಲುಗಾರರನ್ನೂ ಕುದುರೆ ಸವಾರರನ್ನೂ ದಾಳ ಹಾಕಿ, ಟೇಪಿನಲ್ಲಿ ಅಳೆದು ನಡೆಸಬೇಕು. ಚಿಕ್ಕಪ್ಪನಿಗೆ ಆಟಕ್ಕಿಂತ ಅದರ ನೆಲದ ಮೇಲೆ ಆಸೆ. ಥರ್ಮಾಕೋಲ್ ಕೊರೆದು ಗುಡ್ಡ ಮಾಡಿದರು. ನೂಲು ಮುಗಿದ ಕೋನ್‌ಗಳು ಬುರುಜುಗಳಾದವು. ಸೀರೆಯ ಅಂಚಿನ ಡಿಸೈನಿಗೆ ತೂತು ಹೊಡೆದ ಹಳೆಯ ಜಕಾರ್ಡ್ ರಟ್ಟುಗಳೇ ಗೋಡೆ. ಆ ತೂತುಗಳಿಂದಲೇ ಬಾಣ ಬಿಡುವುದು. "ಯಾವಾಗ ಚಿಕ್ಕಪ್ಪ ಆಡೋದು?" ಎಂದರೆ, "ಇರು ಮಗಾ, ಬಾಗ್ಲೇ ಇಲ್ದಿರೋ ಕೋಟೆಗೆ ಮುತ್ತಿಗೆ ಹಾಕಿದ್ರೆ ಜನ ನಗ್ತಾರೆ ಕಣೇ" ಎನ್ನುತ್ತಿದ್ದರು. ಆ ಹೊತ್ತಿಗೆ ಅಪ್ಪನಿಗೂ ಅವರಿಗೂ ಮಾತು ನಿಂತಿತ್ತು. ಮನೆ ಪಾಲಾಗಲಿತ್ತು, ಚಿಕ್ಕಪ್ಪ ತಮ್ಮ ಮಗ್ಗಗಳೊಂದಿಗೆ ರಾಜಘಟ್ಟದ ಕಡೆ ಒಂದು ಬಾಡಿಗೆ ಮನೆಗೆ ಹೋಗುವವರಿದ್ದರು. ದಸರೆ ಕಳೆಯುವ ತನಕ ಆ ಮಾತು ಎತ್ತಕೂಡದೆಂದು ಅಜ್ಜಿ ಇಬ್ಬರಿಗೂ ಕಟ್ಟು ಹಾಕಿದ್ದಳು. ಅಷ್ಟರೊಳಗೆ ಒಂದಾದರೂ ಆಟ ಆಗಬೇಕೆಂಬುದು ನನ್ನ ಹಟ.

ಹುಲ್ಲಿಗೆಂದು ಚಿಕ್ಕಪ್ಪ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿಟ್ಟಿದ್ದರು. ಅಜ್ಜಿ ಒಪ್ಪಲಿಲ್ಲ. ಗೊಂಬೆ ಕೂರಿಸಿದ ಮೆಟ್ಟಿಲ ಕೆಳಗೇ ಕೋಟೆ ಇದ್ದದ್ದರಿಂದ, ಪ್ರತಿವರ್ಷ ಗೊಂಬೆಗಳ ಮುಂದೆ ಮಾಡುತ್ತಿದ್ದ ಹಾಗೆ, ಗುಡ್ಡಕ್ಕೆಲ್ಲ ಮಣ್ಣು ಮೆತ್ತಿ ರಾಗಿ ಚೆಲ್ಲಿ ನೀರು ಚಿಮುಕಿಸಿದಳು. ಹಬ್ಬ ಮುಗಿಯುವುದರೊಳಗೆ ಪೈರು ಗುಡ್ಡದ ಮೇಲೆ ನಿಲ್ಲಿಸಿದ್ದ ಸೈನಿಕರ ತಲೆ ಮೀರಿತು. ರಟ್ಟಿನ ಗೋಡೆ ತೇವ ಕುಡಿದು ಬಾಗಿತು.

"ಏನವ್ವಾ ಇದು, ನನ್ ದಂಡೆಲ್ಲ ರಾಗಿ ಹೊಲ್ದಲ್ಲಿ ಕಳ್ದೋಯ್ತಲ್ಲ! ಕತ್ರಿ ಕೊಡು."

"ಮುಟ್ಟೀಯ, ಜೋಕೆ! ಗೊಂಬೆ ಮಲಗ್ಸೋ ತನ್ಕ ಪೈರಿಗೆ ಕತ್ರಿ ಇಡಬಾರ್ದು. ನಿನ್ ದಂಡು ಕಾಯ್ಲಿ ಬಿಡ್ಲಾ."

ಚಿಕ್ಕಪ್ಪ ನಕ್ಕು ನನ್ನತ್ತ ತಿರುಗಿದರು. "ಸರಿ ಮಗಾ, ವಿಜಯದಶಮಿ ಮಾರ್ನೇ ದಿನ. ಗ್ಯಾರಂಟಿ."

ನನ್ನ ನೆನಪಿನಲ್ಲಿ ಆ ಮಾರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಟೆಂಪೋ ನಿಂತಿದೆ, ಬಿಚ್ಚಿದ ಮಗ್ಗದ ಕಬ್ಬಿಣ ಒಂದೊಂದಾಗಿ ಅದನ್ನು ಏರುತ್ತಿದೆ. ಪೈರು ಕತ್ತರಿಸಲು ಯಾರೂ ಬರಲಿಲ್ಲ. ಆಮೇಲೆ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು.

ಬಹಳ ವರ್ಷಗಳ ನಂತರ ಹೊಸಕೋಟೆಯ ಒಂದು ಮದುವೆಯಲ್ಲಿ ಚಿಕ್ಕಪ್ಪ ಸಿಕ್ಕರು. ಊಟಕ್ಕೆ ಪಕ್ಕದಲ್ಲೇ ಕೂತು, ಎದುರಿನವರಿಗೆ ನನ್ನನ್ನು ತೋರಿಸಿ, "ಇವ್ಳನ್ನ ಏನಂದ್ಕೊಂಡಿದೀರ? ನನ್ ಕೋಟೆನ ಒಂದೇ ಮಧ್ಯಾಹ್ನದಲ್ಲಿ ತಗೊಂಡ್ಬಿಟ್ಲು. ಮುಂದೆ ಕುದುರೆ ತೋರ್ಸಿ, ಹಿಂದಿಂದ ಹತ್ತಿ ಬಂದ್ಲು, ಕಳ್ಳಿ!" ಎಂದರು. ಇಲ್ಲ ಚಿಕ್ಕಪ್ಪ, ನಾವು ಆಡಲೇ ಇಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಯಾವ ಬುರುಜು ಮೊದಲು ಬಿತ್ತೆಂದು ಬಾಳೆಲೆಯ ಮೇಲೆ ಬೆರಳಿಟ್ಟು ತೋರಿಸತೊಡಗಿದ್ದರು. 

ಈಗ ಅವರಿಲ್ಲ, ಅಜ್ಜಿಯೂ ಇಲ್ಲ. ಕೇಳಲು ಯಾರೂ ಉಳಿದಿಲ್ಲ. ನಿಜಕ್ಕೂ ಆಡಿದ್ದೆವೇನೋ, ಗೆದ್ದದ್ದನ್ನು ನಾನೇ ಮರೆತೆನೇನೋ. ಆಡಿರದಿದ್ದರೆ, ಆ ಬಾಡಿಗೆ ಮನೆಯಲ್ಲಿ ಒಬ್ಬರೇ ಕೂತು ನನ್ನ ಸರದಿಯನ್ನೂ ಅವರೇ ಆಡಿದ್ದಾರೆ, ಪ್ರತಿ ಸಲವೂ ನನ್ನನ್ನೇ ಗೆಲ್ಲಿಸಿದ್ದಾರೆ.