ಎರಡು ಸಲ ಅಳಿಸಿದ ಕೋಡ್

ಬಸ್ಸು ತಪ್ಪಿದರೂ ಜೋಯಿಸರಲ್ಲಿಗೆ ಪ್ರಶ್ನೆ ಕೇಳಲು ಓಡುವವರ ನಡುವೆ ಬೆಳೆದವಳು ನಾನು. ಅದಕ್ಕೇ ಇರಬೇಕು, ಇಂಥದ್ದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಯಾರಾದರೂ ಕತೆ ಶುರು ಮಾಡಿದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ, ನೀವು ಎದ್ದು ಹೋದರೂ ಬೇಸರವಿಲ್ಲ.

ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ನನ್ನ ಕೆಲಸ ಕೋಡಿಂಗ್. ವೈದ್ಯರು ಬರೆದ ಕಾಯಿಲೆಗೆ, ಗಾಯಕ್ಕೆ, ಪುಸ್ತಕದಲ್ಲಿರುವ ಸಂಕೇತ ಹುಡುಕಿ ಕಂಪ್ಯೂಟರಿಗೆ ಹಾಕುವುದು. ರೋಗಿ ದಾಖಲಾದ ದಿನವೇ ಅದು ವಿಮೆಯವರ ಒಪ್ಪಿಗೆಗೆ ಹೋಗಬೇಕು. ರೋಗಿಯ ಮುಖ ನಾವು ನೋಡುವುದಿಲ್ಲ. ಬರೆದದ್ದಕ್ಕೆ ಮಾತ್ರ ಕೋಡ್. ಬರೆಯದ್ದು ನಮ್ಮ ಪಾಲಿಗೆ ಆಗಿಯೇ ಇಲ್ಲ. ಎಲ್ಲಿ ಪೆಟ್ಟಾಗಿದೆ ಎಂದು ಬರೆಯದಿದ್ದರೆ ಟಿ 14.9, ಅಂದರೆ ಎಲ್ಲಿ, ಏನು ಎಂದು ತಿಳಿಸದ ಪೆಟ್ಟು. ಬಂಟ್ವಾಳದಿಂದ ಎರಡು ಬಸ್ಸು ಹಿಡಿದು ಬಂದು, ದಿನವಿಡೀ ಅದನ್ನೇ ಒತ್ತಿ ಒತ್ತಿ ಸಾಕಾಗಿ ಹೋಗಿತ್ತು.

ಅವತ್ತು ಊಟವಾದ ಮೇಲೆ ಬಂದ ಫೈಲು ಬೆಳ್ತಂಗಡಿ ಕಡೆಯ ಒಬ್ಬರದ್ದು. ರಬ್ಬರ್ ಟ್ಯಾಪಿಂಗ್‌ಗೆ ಹೋದವರು ಗುಡ್ಡೆಯಿಂದ ಜಾರಿ ಬಿದ್ದು ಬೆಳಿಗ್ಗೆ ದಾಖಲಾಗಿದ್ದರು. ಬಲಗಾಲು ಮುರಿದದ್ದನ್ನು ವೈದ್ಯರು ವಿವರವಾಗಿ ಬರೆದಿದ್ದರು. ಕೆಳಗೆ ‘ಇತರ ಪೆಟ್ಟುಗಳು’ ಎಂದಷ್ಟೇ ಗೀಚಿದ್ದರು. ಕಾಲಿನ ಕೋಡ್ ಹಾಕಿದೆ, ಟಿ 14.9 ಹಾಕಿದೆ, ಸೇವ್ ಮಾಡಿದೆ.

ಕಳುಹಿಸುವ ಮೊದಲು ನೋಡಿದರೆ ಎರಡನೆಯ ಸಾಲಿನಲ್ಲಿ ಎಸ್ 36.0 ಎಂದಿತ್ತು. ಸುಸ್ತಿಗೆ ಕೈ ತಪ್ಪಿರಬೇಕೆಂದು ಅಳಿಸಿ ಸರಿ ಮಾಡಿದೆ. ಚಹಾ ಕುಡಿದು ಬಂದೆ. ಮತ್ತೆ ಅದೇ. ಎದುರಿನ ಮೇಜಿನ ವನಿತಾಳನ್ನು ಕೇಳಿದೆ. “ನಿನ್ನ ಕಂಪ್ಯೂಟರ್ ನಾನು ಮುಟ್ಟಲೇ ಇಲ್ಲ ಮಾರಾಯ್ತಿ,” ಎಂದಳು. ಸಿಟ್ಟಿನಿಂದ ಇನ್ನೊಮ್ಮೆ ಅಳಿಸಿ, ಒಂದೊಂದೇ ಅಂಕಿ ನೋಡಿ ಒತ್ತಿದೆ. ಬೇರೆ ಎರಡು ಫೈಲು ಮುಗಿಸಿ ತೆರೆದರೆ ಪುನಃ ಎಸ್ 36.0. ಬದಲಾವಣೆ ಮಾಡಿದವರ ಹೆಸರಿರುವಲ್ಲಿ ಮೂರು ಸಲವೂ ನನ್ನ ಹೆಸರೇ ಇತ್ತು.

ಆ ಕೋಡ್ ಯಾವುದೆಂದೇ ನನಗೆ ಗೊತ್ತಿರಲಿಲ್ಲ, ಒಮ್ಮೆಯೂ ಬಳಸಿದವಳಲ್ಲ. ಪುಸ್ತಕ ತೆರೆದೆ. ಎಡ ಪಕ್ಕೆಯ ಒಳಗಿರುವ ಗುಲ್ಮಕ್ಕೆ ಆದ ಪೆಟ್ಟು ಎಂದಿತ್ತು.

ಕಾಗದದಲ್ಲಿ ಇಲ್ಲದ್ದನ್ನು ಕೇಳಲು ನಾಚಿಕೆಯಾಯಿತು. ಆದರೂ ವಾರ್ಡಿಗೆ ಫೋನ್ ಮಾಡಿ, “ಆ ರಬ್ಬರಿನವರಿಗೆ ಹೊಟ್ಟೆಯಲ್ಲಿ ಏನಾದರೂ ನೋವು ಉಂಟಾ ಸಿಸ್ಟರ್?” ಎಂದೆ.

“ಕಾಲಿನದ್ದೇ ಹೇಳ್ತಾ ಇದ್ದರು. ಈಗ ಮಲಗಿದ್ದಾರೆ. ನಿಲ್ಲಿ, ನೋಡ್ತೇನೆ,” ಎಂದು ಅವರು ಫೋನ್ ಇಡದೆ ಹೋದರು. ವಾಪಸು ಬರಲಿಲ್ಲ. ಆ ಕಡೆ ಜನ ಓಡುವ ಸದ್ದು ಕೇಳಿತು.

ಗುಲ್ಮ ಹರಿದು ಒಳಗೆ ರಕ್ತ ಸೋರುತ್ತಿತ್ತಂತೆ. ಸಂಜೆಯೊಳಗೆ ಆಪರೇಷನ್ ಆಯಿತು, ಜೀವ ಉಳಿಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಸಿಸ್ಟರ್ ಮರುದಿನ ಹೇಳಿದರು. ನನಗೆ ಹೇಗೆ ಗೊತ್ತಾಯಿತೆಂದು ಅವರು ಕೇಳಲಿಲ್ಲ. ಎರಡು ಸಲ ಅಳಿಸಿ, ನಡುವೆ ಚಹಾ ಕುಡಿದದ್ದು ನೆನಪಾದರೆ ಕೈಯಲ್ಲಿದ್ದ ಚಹಾವನ್ನು ಈಗಲೂ ಅರ್ಧಕ್ಕೇ ಇಡುತ್ತೇನೆ.

ಸಾಫ್ಟ್‌ವೇರಿನವರು ಬಂದು ನೋಡಿ ಏನೂ ದೋಷವಿಲ್ಲ ಎಂದರು. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಟಿ 14.9 ಹಾಕಿದಾಗಲೆಲ್ಲ ಕೈ ಎರಡೂ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ. ದೇವರನ್ನು ನೆನೆಯುತ್ತಿದ್ದೇನೆಂದು ವನಿತಾ ತಿಳಿದಿದ್ದಾಳೆ. ವರ್ಷಗಳಾದವು, ಯಾವ ಫೈಲಿನಲ್ಲೂ ಆ ಸಾಲು ಮತ್ತೆ ಬದಲಾಗಿಲ್ಲ. ಅಷ್ಟು ಫೈಲುಗಳಲ್ಲಿ ಒಬ್ಬರಿಗೂ ಒಳಗೆ ಏನೂ ಆಗಿರಲಿಲ್ಲವೇ ಎಂದು ಸಂಜೆಯ ಬಸ್ಸಿನಲ್ಲಿ ಯೋಚನೆ ಬರುತ್ತದೆ.