ಚೀನೀ ಅಜ್ಜಿ ಕೊಟ್ಟ ಪೊಟ್ಟಣ

ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಆ ಬೆಳಗ್ಗೆ ಮೂವರಿದ್ದೆವು: ಒಲೆಯ ಮುಂದೆ ಅತ್ತೆ, ಮೇಜಿನ ಬಳಿ ಲ್ಯಾಪ್‌ಟಾಪಿನಲ್ಲಿ ಕೆಲಸ ಹುಡುಕುತ್ತಿದ್ದ ಗಂಡ, ಸಿಂಕಿನ ಅಂಚು ಹಿಡಿದು ನಿಂತಿದ್ದ ನಾನು. ನನಗೆ ನಾಲ್ಕು ತಿಂಗಳು. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಬ್ಯಾಂಕುಗಳು ಕುಸಿದ ವರ್ಷದ ಚಳಿಗಾಲ ಅದು. ಗಂಡನ ಕೆಲಸ ಹೋಗಿತ್ತು. ಇನ್ಶೂರೆನ್ಸ್ ಎಷ್ಟು ದಿನ ಇರುತ್ತದೋ ಎಂಬ ಚಿಂತೆಯಲ್ಲಿ, ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಲೇ ಇದ್ದೆವು. ಹಾಗಾಗಿ ಮೈಸೂರಿನಿಂದ ಬಂದಿದ್ದ ಅತ್ತೆ ತಾವೇ ವೈದ್ಯರಾದರು.

ಕೆಳಗಿನ ಮನೆಯ ಚೀನೀ ಅಜ್ಜಿಗೂ ಅವರಿಗೂ ಭಾರೀ ಸ್ನೇಹ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಮಾತೆಲ್ಲ ಕೈಸನ್ನೆಯಲ್ಲೇ. ಹಿಂದಿನ ದಿನ ಆ ಅಜ್ಜಿ ಪೊಟ್ಟಣವೊಂದನ್ನು ಕೊಟ್ಟು, ಹೊಟ್ಟೆ ಮುಟ್ಟಿಕೊಂಡು, ತೋಳಿನಲ್ಲಿ ಮಗು ತೂಗುವಂತೆ ತೋರಿಸಿದ್ದರಂತೆ. ಹೊಟ್ಟೆಯೊಳಗಿನ ಮಗುವಿಗೆ ಔಷಧ ಎಂದುಕೊಂಡ ಅತ್ತೆ, ಅದರಲ್ಲಿ ಅರ್ಧವನ್ನು ನಮ್ಮ ಕಷಾಯದ ಹಾಗೆಯೇ ಕುದಿಸಿ ಎಂಟು ಲೋಟ ನೀರನ್ನು ಒಂದಕ್ಕೆ ಇಳಿಸಿದ್ದರು.

"ಮೂಗು ಮುಚ್ಕೊಂಡು ಕುಡಿದ್ಬಿಡೇ."

"ಇದ್ರಲ್ಲೇನಿದೆ ಅತ್ತೆ?"

"ಬೇರು, ಚಕ್ಕೆ, ಒಣಗಿದ ಹೂವು. ಗಿಡಮೂಲಿಕೆ ಏನ್ ಮಾಡುತ್ತೆ? ವಿಷ ಕೊಡ್ತೀನಾ ನಾನು?"

"ನೀವು ತಂದಿರೋ ಬಾಣಂತಿ ಲೇಹಾನೂ ಗಿಡಮೂಲಿಕೇನೇ ಅಲ್ವಾ? ಬೆರಳು ಹಾಕಿದ್ರೆ ಕೈ ಮೇಲೆ ಹೊಡೀತೀರಿ."

"ಅದು ಹೆರಿಗೆ ಆದ್ಮೇಲಿಂದು ಕಣೇ! ಬಸುರಿ ತಿಂತಾಳಾ?"

ಗಂಡ ತಲೆಯೆತ್ತದೆ, "ಒಂದು ಗುಟುಕು ಕುಡಿ, ಅಮ್ಮಂಗೆ ಸಮಾಧಾನ" ಎಂದರು.

"ಸಮಾಧಾನ ಬೇಕಿದ್ರೆ ನೀವೇ ಕುಡೀರಿ. ಏನು ಅಂತ ಗೊತ್ತಾಗೋವರ್ಗೂ ನನ್ನ ಬಾಯಿಗೆ ಒಂದು ತೊಟ್ಟೂ ಇಲ್ಲ."

ಲೋಟಕ್ಕೆ ತಟ್ಟೆ ಮುಚ್ಚಿ, ಪೊಟ್ಟಣದಲ್ಲಿ ಉಳಿದದ್ದನ್ನು ಹಿಡಿದು ಕೆಳಗಿಳಿದೆ. ಅತ್ತೆ ಗೊಣಗುತ್ತ ಹಿಂದೆಯೇ ಬಂದರು. ಬಾಗಿಲು ತೆಗೆದದ್ದು ಅಜ್ಜಿಯ ಮಗಳು. ಕುದಿಸಿದ್ದೇವೆ, ಇನ್ನೂ ಕುಡಿದಿಲ್ಲ ಎಂದೆ.

"ನೋ, ನೋ! ಈಗಲ್ಲ, ಮಗು ಹುಟ್ಟಿದ ಮೇಲೆ," ಎಂದು ಅವರು ಇಂಗ್ಲಿಷಿನಲ್ಲಿ ಕೂಗಿಯೇಬಿಟ್ಟರು. "ಗರ್ಭಕೋಶ ಶುದ್ಧಿಯಾಗಲಿ ಅಂತ ಕೊಡೋದು. ಬಸುರಿಗೆ ನಮ್ಮಲ್ಲೂ ಕೊಡೋದಿಲ್ಲ. ಅಮ್ಮ ಮುಂಚೆಯೇ ತಂದು ಕೊಟ್ಟಿದ್ದಾಳೆ, ಅಷ್ಟೇ."

ಅದನ್ನು ಕನ್ನಡದಲ್ಲಿ ಹೇಳಿದೊಡನೆ ಅತ್ತೆ ನನ್ನ ಕೈಯಿಂದ ಪೊಟ್ಟಣ ಕಸಿದುಕೊಂಡರು. "ಅಯ್ಯೋ, ಇದು ಅವರ ಲೇಹ ಕಣೇ!"

ಅಲ್ಲಿಂದಲೇ ಡಾಕ್ಟರ ಆಫೀಸಿಗೆ ಫೋನ್ ಮಾಡಿದೆ. ಕುಡಿಯದಿದ್ದದ್ದು ಒಳ್ಳೆಯದಾಯಿತು, ಹೆರಿಗೆಯ ನಂತರವೂ ನಮಗೆ ತೋರಿಸದೆ ಯಾವ ಬೇರನ್ನೂ ತೆಗೆದುಕೊಳ್ಳಬೇಡಿ, ವಾಂತಿಗೆ ಔಷಧ ಕೊಡುತ್ತೇವೆ, ನಾಳೆಯೇ ಬನ್ನಿ ಎಂದಳು ನರ್ಸ್. ಮರುದಿನ ಗಂಡನೇ ಕಾರಿನಲ್ಲಿ ಕರೆದೊಯ್ದರು.

ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ಚೀನೀ ಅಜ್ಜಿ ಹೊಸ ಪೊಟ್ಟಣ ಹಿಡಿದು ಬಂದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಮ್ಮ ಲೇಹದ ಡಬ್ಬಿಯ ಜೊತೆ ಒಂದೇ ಚೀಲಕ್ಕೆ ಹಾಕಿ, ಡಾಕ್ಟರಿಗೆ ತೋರಿಸಲು ಬಾಗಿಲ ಪಕ್ಕ ಇಟ್ಟರು.