ಸವರಿದೆ ಅಂದ ಮಾತು

ನಮ್ಮ ಕಡೆ ಗಿಡದ ರೆಂಬೆ ಕತ್ತರಿಸುವುದಕ್ಕೂ ಸವರುವುದು ಅನ್ನುತ್ತೇವೆ, ಕೈಯಾಡಿಸುವುದಕ್ಕೂ ಸವರುವುದು ಅಂತಲೇ ಅನ್ನುತ್ತೇವೆ. ಆ ಮಾತಿನ ಮರೆಯಲ್ಲಿ ನಿಂತು ನಾನು ಅಕ್ಕನಿಗೆ ಸುಳ್ಳು ಹೇಳಿದೆ.

ಮಿಡಿಗೇಶಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕಾಲು ಮುರಿದುಕೊಂಡ ಅಕ್ಕ ಪಾವಗಡದಲ್ಲಿರುವ ಮಗಳ ಮನೆಗೆ ಹೋದಳು. ಹಳೇ ಪೇಂಟ್ ಡಬ್ಬದಲ್ಲಿ ಅವಳು ಬೆಳೆಸಿದ್ದ ದುಂಡುಮಲ್ಲಿಗೆ ನನ್ನ ಜೊತೆ ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ಫೋನ್ ಮಾಡಿದಳು.

“ಲೇ, ಗಿಡ ಸವರಿದ್ಯೇನ್ಲಾ? ಒಂದೆಲೆನೂ ಬುಡ್‌ಬ್ಯಾಡ, ಬೋಳು ಮಾಡು. ಎಂಟು ದಿನ ನೀರು ಆಕ್‌ಬ್ಯಾಡ. ಯುಗಾದಿ ದಿನ ಮೊಮ್ಮಗಳ್ಗೆ ಮೊಗ್ಗಿನ ಜಡೆ ಆಕ್ಬೇಕು.”

ಖಾಲಿ ಮನೆಯಲ್ಲಿ ಬೋಳು ಗಿಡ ನೋಡಿಕೊಂಡಿರಲು ನನಗೆ ಮನಸ್ಸಾಗಲಿಲ್ಲ. ಹಾಗಂತ ಹೇಳಬಹುದಿತ್ತು. ಬದಲಿಗೆ ಎಲೆಗಳ ಮೇಲೆ ಕೈಯಾಡಿಸಿ, “ಸವರ್ದೆ ಕಣಕ್ಕ” ಅಂದೆ.

ಯುಗಾದಿಗೆ ಅಕ್ಕ ಕೋಲೂರಿಕೊಂಡು, ಮೊಮ್ಮಗಳ ಜೊತೆ ಬಸ್ಸಿಳಿದು ಬಂದಳು. ಗಿಡದ ತುಂಬಾ ಎಲೆ, ಮೊಗ್ಗು ಮೂರೇ ಮೂರು.

“ಸವರ್ದೆ ಅಂದ್ಯಲ್ಲೋ?”

“ಊಂ ಕಣಕ್ಕ, ಕೈಯಾಗೆ ಸವರ್ದೆ” ಎಂದು ನಕ್ಕೆ.

ಅಕ್ಕ ನಗಲಿಲ್ಲ. “ಕುಂಟಿ ಕೇಳ್ತಾಳೆ, ಏನೋ ಒಂದು ಅಂದ್ರಾಯ್ತು ಅನ್ಕಂಡೆ, ಅಲ್ವೇನ್ಲಾ?” ಎಂದಳು. ಹಬ್ಬದ ಊಟ ಮುಗಿಸಿ ಅಂದೇ ಹೊರಟುಹೋದಳು.

ಈ ವರ್ಷ ಕತ್ತರಿ ಹಿಡಿದು ಗಿಡವನ್ನು ಬೋಳು ಮಾಡಿದೆ. ಈಗ ಎಲೆಗಿಂತ ಮೊಗ್ಗೇ ಹೆಚ್ಚಾಗಿದೆ. ಅಕ್ಕ ಫೋನಿನಲ್ಲಿ ಊಟ ಆಯಿತಾ ಎಂದು ಕೇಳುತ್ತಾಳೆ, ಗಿಡದ ಸುದ್ದಿ ಎತ್ತುವುದಿಲ್ಲ. ಸವರಿದೆ ಎಂದು ನಾನಾಗಿ ಹೇಳಲು ನಾಲಿಗೆ ಏಳುವುದಿಲ್ಲ. ಮೊಗ್ಗುಗಳು ಗಿಡದಲ್ಲೇ ಅರಳಿ ಉದುರುತ್ತಿವೆ.